ಕೈಯಲ್ಲಿ ಜಿಪಿಎಸ್: ಚಾರಣಕ್ಕೂ ರಸ್ತೆಗೂ ಬಳಸುವ ಬಗೆ

ಹೊಸದಾಗಿ ಕೈ ಜಿಪಿಎಸ್ ಕೊಂಡವರ ದೂರು ಹೆಚ್ಚುಕಡಿಮೆ ಎರಡೇ. ಒಂದು, "ಬೆಟ್ಟದ ತುದಿಗೆ ದಾರಿ ಕೇಳಿದರೆ ಪ್ರಪಾತದ ಮೇಲೆಯೇ ನೇರ ಗೆರೆ ಎಳೆಯುತ್ತದೆ." ಇನ್ನೊಂದು, "ಕಾರಿನಲ್ಲಿಟ್ಟರೆ ಎಲ್ಲಿ ತಿರುಗಬೇಕು ಅಂತಲೇ ಹೇಳುವುದಿಲ್ಲ." ಎರಡೂ ಸಲ ಸಾಧನ ಸರಿಯಾಗಿಯೇ ಇರುತ್ತದೆ. ಅದಕ್ಕೆ ಇರುವುದು ಎರಡು ಸ್ವಭಾವ. ಚಾರಣದ ಸ್ವಭಾವದಲ್ಲಿ ನೀವು ನಿಂತ ಜಾಗದಿಂದ ಗುರಿ ಯಾವ ದಿಕ್ಕಿಗಿದೆ, ನೇರವಾಗಿ ಅಳೆದರೆ ಎಷ್ಟು ದೂರ ಎಂಬುದನ್ನಷ್ಟೇ ಹೇಳುತ್ತದೆ. ರಸ್ತೆಯ ಸ್ವಭಾವದಲ್ಲಿ ನಕ್ಷೆಯ ರಸ್ತೆಗಳಿಗೆ ಅಂಟಿಕೊಂಡು, ತಿರುವು ತಿರುವಾಗಿ ಕರೆದೊಯ್ಯುತ್ತದೆ. ಯಾವಾಗ ಯಾವುದು ಬೇಕು ಅನ್ನುವುದನ್ನು ನಾವೇ ಹೇಳಬೇಕು. ಇದೊಂದು ತಲೆಗೆ ಹತ್ತಿದರೆ ಉಳಿದದ್ದೆಲ್ಲ ಅಭ್ಯಾಸ.

ಮೆನುಗಳ ಹೆಸರನ್ನು ಗಾರ್ಮಿನ್‌ನ ಇಟ್ರೆಕ್ಸ್, ಜಿಪಿಎಸ್‌ಮ್ಯಾಪ್ ಸರಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಕಂಪನಿಯ ಸಾಧನದಲ್ಲಿ ಹೆಸರು ಆಚೀಚೆ ಆಗಬಹುದು, ಕೆಲಸ ಅದೇ.

ಉಪಗ್ರಹದಿಂದ ಏನು ಬರುತ್ತದೆ

ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಎರಡೇ ಸಂಗತಿ ಸಾರುತ್ತಿರುತ್ತವೆ: ಈಗ ಸಮಯ ಎಷ್ಟು, ನಾನು ಎಲ್ಲಿದ್ದೇನೆ. ಸಂಕೇತ ಬಂದು ತಲುಪಲು ಹಿಡಿದ ಸಮಯದಿಂದ ಸಾಧನ ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ಸಿಗುತ್ತವೆ. ಮೊಬೈಲ್ ನೆಟ್‌ವರ್ಕ್ ಬೇಡ, ಇಂಟರ್ನೆಟ್ ಬೇಡ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಆಗ ನೂರು ಮೀಟರ್ ತಪ್ಪು ಮಾಮೂಲು. ಅದನ್ನು ನಿಲ್ಲಿಸಿದ ಮೇಲೆಯೇ ಚಾರಣಿಗರ ಕೈಗೆ ಜಿಪಿಎಸ್ ನಿಜವಾಗಿ ಬಂದದ್ದು. ಇಂದು ಬಯಲಿನಲ್ಲಿ ಮೂರರಿಂದ ಐದು ಮೀಟರ್ ನಿಖರತೆ ಸಾಮಾನ್ಯ.

ಹೊಸ ಸಾಧನಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ ಮುಂತಾದವನ್ನೂ ಹಿಡಿಯುತ್ತವೆ. ಕಣಿವೆಯಲ್ಲಿ, ದಟ್ಟ ಕಾಡಿನಲ್ಲಿ ಅವನ್ನೂ ಆನ್ ಮಾಡಿಕೊಳ್ಳಿ. ಬಟಾ ಬಯಲಿನಲ್ಲಿ ಬರೀ ಜಿಪಿಎಸ್ ಸಾಕು, ಬ್ಯಾಟರಿ ಉಳಿಯುತ್ತದೆ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ದಾರಿಯ ಬುಡದಲ್ಲಿ ನಿಂತು ಸೆಟ್ಟಿಂಗ್ ಹುಡುಕುವವರನ್ನು ಕಂಡರೆ ಗುಂಪಿನ ಉಳಿದವರಿಗೆ ಎಷ್ಟು ಕೋಪ ಬರುತ್ತದೆಂದು ಹೇಳಬೇಕಿಲ್ಲ. ಹಿಂದಿನ ಸಂಜೆಯೇ ಕೂತು ಇವನ್ನು ಮುಗಿಸಿ.

1. ಸೆಲ್ಲಿನ ಬಗೆ. ಸೆಟಪ್‌ನಲ್ಲಿ ಬ್ಯಾಟರಿ ಟೈಪ್ ಎಂಬ ಸಾಲಿದೆ: ಆಲ್ಕಲೈನ್, ಲಿಥಿಯಂ, ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್. ಹಾಕಿರುವುದೊಂದು, ಬರೆದಿರುವುದೊಂದು ಆದರೆ ಉಳಿದ ಚಾರ್ಜ್ ತೋರಿಸುವ ಗೆರೆ ಸುಳ್ಳಾಡುತ್ತದೆ. ಪೂರ್ತಿ ತುಂಬಿದ ರೀಚಾರ್ಜ್ ಸೆಲ್ ಹಾಕಿದರೂ ಅರ್ಧಕ್ಕೇ ನಿಂತಂತೆ ಕಾಣಬಹುದು, ಏಕೆಂದರೆ ಅದರ ವೋಲ್ಟೇಜ್ 1.2, ಆಲ್ಕಲೈನ್‌ನದು 1.5. ಚಳಿ ಪ್ರದೇಶಕ್ಕೆ ಲಿಥಿಯಂ ಎಎ ಸೆಲ್ಲೇ ಸರಿ. ಮೈನಸ್ 40 ಡಿಗ್ರಿವರೆಗೂ ಕೆಲಸ ಮಾಡುತ್ತದೆ, ಆಲ್ಕಲೈನ್ ಹಿಮದಲ್ಲಿ ಬೇಗ ಕೈಕೊಡುತ್ತದೆ. ಎರಡು ಎಎ ಸೆಲ್ ಹಾಕುವ ಸರಳ ಸಾಧನಗಳು ಸುಮಾರು 20 ರಿಂದ 25 ಗಂಟೆ ನಡೆಯುತ್ತವೆ. ಬದಲಿ ಜೋಡಿಯೊಂದು ಚೀಲದಲ್ಲಿರಲಿ, ಹಳೆಯದಕ್ಕೆ ಹೊಸದನ್ನು ಬೆರೆಸಬೇಡಿ.

2. ನಕ್ಷೆ. ಸಾಧನದ ಜೊತೆ ಬರುವ ಮೂಲ ನಕ್ಷೆಯಲ್ಲಿ ಹೆದ್ದಾರಿ, ದೊಡ್ಡ ಊರು ಬಿಟ್ಟರೆ ಏನೂ ಇರುವುದಿಲ್ಲ ಅನ್ನಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಉಚಿತ ನಕ್ಷೆಗಳು ಗಾರ್ಮಿನ್ ರೂಪದಲ್ಲೇ ಸಿಗುತ್ತವೆ. ಇಳಿಸಿಕೊಂಡ ಐಎಂಜಿ ಫೈಲನ್ನು ಮೆಮರಿ ಕಾರ್ಡಿನಲ್ಲಿ 'ಗಾರ್ಮಿನ್' ಎಂಬ ಫೋಲ್ಡರಿಗೆ ಹಾಕಿ. ಕಾರ್ಡ್ ಎಫ್‌ಎಟಿ32 ರೂಪದಲ್ಲಿ ಫಾರ್ಮ್ಯಾಟ್ ಆಗಿರಬೇಕು. ಆಮೇಲೆ ಮ್ಯಾಪ್ ಸೆಟ್ಟಿಂಗಿನಲ್ಲಿ ಬೇಕಾದದ್ದನ್ನು ಆನ್ ಮಾಡಿ, ಉಳಿದವನ್ನು ಆಫ್ ಮಾಡಿ. ಒಂದೇ ಪ್ರದೇಶದ ಎರಡು ನಕ್ಷೆ ಒಟ್ಟಿಗೆ ಆನ್ ಇದ್ದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ, ರಸ್ತೆ ಲೆಕ್ಕಾಚಾರ ಎಡವಟ್ಟಾಗುತ್ತದೆ. ಇನ್ನೊಂದು: ಕೆಲವು ನಕ್ಷೆ ನೋಡಲಷ್ಟೇ, ರಸ್ತೆಗಳ ಜೋಡಣೆಯ ಮಾಹಿತಿ ಅದರಲ್ಲಿರುವುದಿಲ್ಲ. ಕಾರಿಗೆ ಬೇಕಾದದ್ದು 'ರೂಟಬಲ್' ಎಂದು ಬರೆದಿರುವ ನಕ್ಷೆ.

3. ಕಂಪಾಸ್. ಮಾಪನ ಸರಿಪಡಿಸುವ ಕ್ರಮವನ್ನು ಪರದೆಯೇ ಹೇಳಿಕೊಡುತ್ತದೆ. ಕಾರು, ಮೊಬೈಲ್, ಕಬ್ಬಿಣದ ಬೆಂಚುಗಳಿಂದ ದೂರ ನಿಂತು ಮಾಡಿ. ಸೆಲ್ ಬದಲಿಸಿದ ಮೇಲೆ ಇನ್ನೊಮ್ಮೆ ಮಾಡುವುದು ಒಳ್ಳೆಯದು.

4. ಪ್ರೊಫೈಲ್. ಸಾಧನದಲ್ಲಿ ರಿಕ್ರಿಯೇಷನಲ್, ಆಟೊಮೋಟಿವ್ ಎಂಬಂಥ ಪ್ರೊಫೈಲ್‌ಗಳಿರುತ್ತವೆ, ಅಂದರೆ ಒಟ್ಟಿಗೆ ಉಳಿಸಿಟ್ಟ ಸೆಟ್ಟಿಂಗ್‌ಗಳ ಕಟ್ಟು. ನಡಿಗೆಗೊಂದು, ವಾಹನಕ್ಕೊಂದು ಎರಡನ್ನೂ ಪೂರ್ತಿ ಸಿದ್ಧ ಮಾಡಿಟ್ಟುಕೊಳ್ಳಿ. ನಡಿಗೆಯದರಲ್ಲಿ ರೂಟಿಂಗ್ ಆಕ್ಟಿವಿಟಿ 'ಡೈರೆಕ್ಟ್ ರೂಟಿಂಗ್', 'ಲಾಕ್ ಆನ್ ರೋಡ್' ಆಫ್. ವಾಹನದ್ದರಲ್ಲಿ 'ಆಟೊಮೊಬೈಲ್ ಡ್ರೈವಿಂಗ್', ಲಾಕ್ ಆನ್. ಆಮೇಲೆ ಕಾರಿನಿಂದಿಳಿದಾಗ ಪ್ರೊಫೈಲ್ ಒಂದನ್ನು ಬದಲಿಸಿದರಾಯಿತು. ಮರೆತು ಕಾಡಿನಲ್ಲಿ ಲಾಕ್ ಆನ್ ಇಟ್ಟುಕೊಂಡರೆ ನೀವು ದಾರಿಯಿಂದ ಮೂವತ್ತು ಮೀಟರ್ ಆಚೆ ಇದ್ದರೂ ನಿಮ್ಮ ಸ್ಥಾನ ತೋರಿಸುವ ಬಾಣ ದಾರಿಯ ಮೇಲೆಯೇ ಕುಳಿತಿರುತ್ತದೆ. ದಾರಿ ತಪ್ಪಿರುವುದನ್ನು ನಿಮ್ಮಿಂದ ಬಚ್ಚಿಡುವ ಸೆಟ್ಟಿಂಗ್ ಅದು.

ಅಂಕಿಗಳಲ್ಲಿ ಎಡವುವ ಜಾಗ

ಯಾರೋ ಕೊಟ್ಟ ಅಕ್ಷಾಂಶ-ರೇಖಾಂಶವನ್ನು ಸಾಧನಕ್ಕೆ ತುಂಬುವಾಗ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಒಂದೇ ಜಾಗವನ್ನು ಮೂರು ಬಗೆಯಲ್ಲಿ ಬರೆಯುವ ರೂಢಿಯಿದೆ:

12.50833° (ಬರೀ ಡಿಗ್ರಿ, ದಶಮಾಂಶದಲ್ಲಿ)
12° 30.500' (ಡಿಗ್ರಿ, ದಶಮಾಂಶ ಮಿನಿಟು)
12° 30' 30" (ಡಿಗ್ರಿ, ಮಿನಿಟು, ಸೆಕೆಂಡು)

ಮೂರೂ ಒಂದೇ ಬಿಂದು. ಈಗ ಯಾರೋ 12° 30.50' ಎಂದು ಕೊಟ್ಟದ್ದನ್ನು ನೀವು 12.3050° ಎಂದು ತುಂಬಿದಿರಿ ಅನ್ನಿ. ಬಿಂದು 22 ಕಿ.ಮೀ.ಗೂ ಹೆಚ್ಚು ದಕ್ಷಿಣಕ್ಕೆ ಹೋಗಿ ಬೀಳುತ್ತದೆ. ಇದು ಪರವಾಗಿಲ್ಲ, ನಕ್ಷೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಅಪಾಯ ಇರುವುದು ಚಿಕ್ಕ ತಪ್ಪಿನಲ್ಲಿ. ಅದೇ 30.50 ಮಿನಿಟನ್ನು 30 ಮಿನಿಟು 50 ಸೆಕೆಂಡು ಎಂದು ಓದಿಕೊಂಡರೆ ಬಿಂದು ಜರುಗುವುದು ಸುಮಾರು 600 ಮೀಟರ್ ಮಾತ್ರ. ಅದೇ ಬೆಟ್ಟ, ಅದೇ ಕಾಡು. ನಕ್ಷೆಯಲ್ಲಿ ನೋಡಿದರೆ ಸರಿಯಾಗೇ ಕಾಣುತ್ತದೆ. ಹೋಗಿ ನೋಡಿದರೆ ನೀರಿನ ಒರತೆ ಪಕ್ಕದ ಕಣಿವೆಯಲ್ಲಿ.

ಹಾಗಾಗಿ ಮೊದಲು ಪೊಸಿಷನ್ ಫಾರ್ಮ್ಯಾಟ್ ಸೆಟ್ಟಿಂಗನ್ನು ಕೊಟ್ಟವರ ಬಗೆಗೆ ಬದಲಿಸಿ, ತುಂಬಿ, ಆಮೇಲೆ ನಿಮಗೆ ರೂಢಿಯಿರುವ ಬಗೆಗೆ ಮರಳಿಸಿ. ಪರಿವರ್ತನೆಯನ್ನು ಸಾಧನವೇ ಮಾಡಿಕೊಳ್ಳುತ್ತದೆ. ತಲೆಯಲ್ಲಿ ಲೆಕ್ಕ ಹಾಕಲು ಹೋಗಬೇಡಿ. ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವಾಗ "ಪಾಯಿಂಟ್", "ಮಿನಿಟು", "ಸೆಕೆಂಡು" ಅನ್ನುವುದನ್ನು ನುಂಗದೆ ಹೇಳಿ. ದಶಮಾಂಶ ಮಿನಿಟಿನಲ್ಲಿ ಚುಕ್ಕಿಯ ನಂತರ ಮೂರು ಅಂಕಿ ಸಾಕು. ಮೂರನೆಯ ಅಂಕಿ ಅಕ್ಷಾಂಶದಲ್ಲಿ ಎರಡು ಮೀಟರಿಗಿಂತ ಕಡಿಮೆ.

ಇದರ ಪಕ್ಕದಲ್ಲೇ ಮ್ಯಾಪ್ ಡೇಟಮ್ ಎಂಬ ಇನ್ನೊಂದು ಸಾಲಿದೆ. ಭೂಮಿಯ ಆಕಾರವನ್ನು ಯಾವ ಮಾದರಿಯಲ್ಲಿ ಹಿಡಿದಿದ್ದೇವೆ ಅನ್ನುವುದರ ಹೆಸರು ಅದು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಅದನ್ನು ಮುಟ್ಟಬೇಡಿ. ಕೈಯಲ್ಲಿ ಹಳೆಯ ಮುದ್ರಿತ ನಕ್ಷೆಯಿದ್ದು ಅದರಿಂದಲೇ ಅಂಕಿ ಓದುತ್ತಿದ್ದರೆ ಮಾತ್ರ ನಕ್ಷೆಯ ಅಂಚಿನಲ್ಲಿ ಬರೆದಿರುವ ಡೇಟಮ್ ನೋಡಿ ಬದಲಿಸಿ. ಹೊಂದದಿದ್ದರೆ ನೂರಾರು ಮೀಟರ್ ವ್ಯತ್ಯಾಸ ಬರಬಹುದು.

ವೇಪಾಯಿಂಟ್, ರೂಟ್, ಟ್ರ್ಯಾಕ್

ಈ ಮೂರನ್ನು ಬೆರೆಸಿ ಮಾತಾಡುವವರೇ ಹೆಚ್ಚು. ವೇಪಾಯಿಂಟ್ ಅಂದರೆ ಹೆಸರಿಟ್ಟ ಒಂದು ಬಿಂದು. ರೂಟ್ ಅಂದರೆ ಇಂಥ ಕೆಲವು ಬಿಂದುಗಳನ್ನು ಕ್ರಮವಾಗಿ ಜೋಡಿಸಿದ ಯೋಜನೆ. ನಡುವಿನದನ್ನು ಸಾಧನ ತುಂಬಿಕೊಳ್ಳುತ್ತದೆ, ನಡಿಗೆಯಲ್ಲಿ ನೇರ ಗೆರೆಯಿಂದ, ವಾಹನದಲ್ಲಿ ರಸ್ತೆಯಿಂದ. ಟ್ರ್ಯಾಕ್ ಅಂದರೆ ನಿಜವಾಗಿ ಕ್ರಮಿಸಿದ ಹಾದಿಯ ಹೆಜ್ಜೆಗುರುತು, ಸಾವಿರಾರು ಬಿಂದುಗಳ ಸಾಲು. ಮೂರನ್ನೂ ಜಿಪಿಎಕ್ಸ್ ಎಂಬ ಒಂದೇ ಬಗೆಯ ಫೈಲಿನಲ್ಲಿ ಇಡಬಹುದು, ಗೊಂದಲಕ್ಕೆ ಅದೂ ಒಂದು ಕಾರಣ.

ಬೆಟ್ಟಕ್ಕೆ ನನ್ನ ಮತ ಟ್ರ್ಯಾಕಿಗೇ. ಮೊದಲು ಹೋಗಿಬಂದವರ ಟ್ರ್ಯಾಕ್ ಸಿಕ್ಕರೆ ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಉಪಗ್ರಹ ಚಿತ್ರದ ಮೇಲಿಟ್ಟು ನೋಡಿ. ಗೆರೆ ಬಂಡೆಯನ್ನು ಸೀಳಿಕೊಂಡು ಹೋಗುತ್ತಿದ್ದರೆ ಅದು ನಡೆದದ್ದಲ್ಲ, ಮೌಸಿನಿಂದ ಎಳೆದದ್ದು. ನಿಜವಾಗಿ ನಡೆದ ಟ್ರ್ಯಾಕಿನಲ್ಲಿ ಸ್ವಲ್ಪ ಅಂಕುಡೊಂಕು, ಊಟಕ್ಕೆ ಕೂತಲ್ಲಿ ಬಿಂದುಗಳ ಗೋಜಲು, ದಾರಿ ತಪ್ಪಿ ಹಿಂದಿರುಗಿದ ಸಣ್ಣ ಬಾಲಗಳು ಇರುತ್ತವೆ. ಆ ಬಾಲಗಳನ್ನು ಅಳಿಸುವ ಮುನ್ನ ಒಮ್ಮೆ ಗಮನಿಸಿ. ಮೊದಲು ಹೋದವರು ಎಲ್ಲಿ ಮೋಸಹೋದರು ಅನ್ನುವುದು ಅಲ್ಲೇ ಇದೆ.

ಫೈಲನ್ನು ಯುಎಸ್‌ಬಿ ಕೇಬಲ್ ಮೂಲಕ ಸಾಧನದ 'ಗಾರ್ಮಿನ್' ಫೋಲ್ಡರಿನೊಳಗಿನ 'ಜಿಪಿಎಕ್ಸ್' ಫೋಲ್ಡರಿಗೆ ಹಾಕಿ. ಕೇಬಲ್ ಕಿತ್ತು ಆನ್ ಮಾಡಿ, ಟ್ರ್ಯಾಕ್ ಮ್ಯಾನೇಜರಿನಲ್ಲಿ ಹೆಸರು ಕಾಣುತ್ತಿದೆಯೇ, ನಕ್ಷೆಯ ಮೇಲೆ ಗೆರೆ ಮೂಡುತ್ತದೆಯೇ ನೋಡಿ. ಬಣ್ಣ ಬದಲಿಸುವ ಅವಕಾಶವಿದೆ. ಹಸಿರು ನಕ್ಷೆಯ ಮೇಲೆ ಹಸಿರು ಗೆರೆ ಬಿಸಿಲಿನಲ್ಲಿ ಕಾಣುವುದಿಲ್ಲ; ಕೆನ್ನೇರಳೆ ಅಥವಾ ಕಪ್ಪು ಇಟ್ಟುಕೊಳ್ಳಿ.

ಟ್ರ್ಯಾಕಿನ ಜೊತೆಗೆ ಹತ್ತು ಹನ್ನೆರಡು ವೇಪಾಯಿಂಟ್ ಇದ್ದರೆ ಸಾಕು. ದಾರಿಯ ಬುಡ, ಪ್ರತಿ ಕವಲು, ನೀರು, ತೊರೆ ದಾಟುವ ಜಾಗ, ಡೇರೆ ಹಾಕುವ ಜಾಗ, ಕೆಟ್ಟ ಹವೆಯಲ್ಲಿ ಇಳಿದುಹೋಗಬಹುದಾದ ಅಡ್ಡದಾರಿ. ಹೆಸರು ಚಿಕ್ಕದಾಗಿ, ಮಾಡಬೇಕಾದ್ದನ್ನು ಹೇಳುವಂತಿರಲಿ. 'ಜಂಕ್ಷನ್ 3' ಎಂದಿದ್ದರೆ ಅಲ್ಲಿ ನಿಂತಾಗ ಏನೂ ನೆನಪಾಗದು. 'ಕವಲು ಎಡಕ್ಕೆ' ಎಂದಿದ್ದರೆ ಯೋಚನೆಯೇ ಬೇಡ. ಸಾಧನದಲ್ಲಿ ಕನ್ನಡ ಅಕ್ಷರ ಮೂಡದಿದ್ದರೆ ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ.

ದಾರಿಯ ಬುಡದಲ್ಲಿ

ಕಾರಿನಿಂದಿಳಿದ ತಕ್ಷಣ, ಬೂಟಿನ ಲೇಸ್ ಕಟ್ಟುವುದಕ್ಕಿಂತ ಮೊದಲೇ ಸಾಧನ ಆನ್ ಮಾಡಿ ತೆರೆದ ಜಾಗದಲ್ಲಿಡಿ. ಎಷ್ಟೋ ದಿನ ಆಫ್ ಇದ್ದು, ನೂರಾರು ಕಿ.ಮೀ. ದೂರ ಬಂದ ಸಾಧನ ಉಪಗ್ರಹಗಳ ವಿಳಾಸವನ್ನು ಹೊಸದಾಗಿ ಕೇಳಿಕೊಳ್ಳಬೇಕು. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಮೊದಲ ಸ್ಥಾನ ಸಿಗುವವರೆಗೆ ನಡೆಯಬೇಡಿ, ಮರದ ಕೆಳಗೆ ನಿಲ್ಲಬೇಡಿ.

ಸ್ಥಾನ ಸಿಕ್ಕ ಮೇಲೆ ಹೀಗೆ ಮಾಡಿ:

ಪ್ರೊಫೈಲನ್ನು ನಡಿಗೆಗೆ ಬದಲಿಸಿ. ಟ್ರಿಪ್ ಕಂಪ್ಯೂಟರನ್ನು ರೀಸೆಟ್ ಮಾಡಿ, ಇಲ್ಲದಿದ್ದರೆ ಕಾರಿನ ವೇಗ ನಿಮ್ಮ ನಡಿಗೆಯ ಸರಾಸರಿಯಲ್ಲಿ ಬೆರೆಯುತ್ತದೆ. ಹಳೆಯ ಟ್ರ್ಯಾಕನ್ನು ಉಳಿಸಿ, ಹೊಸದನ್ನು ಶುರುಮಾಡಿ. ಮಾರ್ಕ್ ಗುಂಡಿ ಒತ್ತಿ ನಿಂತ ಜಾಗವನ್ನು ವೇಪಾಯಿಂಟ್ ಆಗಿ ಗುರುತಿಸಿ; ಕಾರಿನ ಜಾಗ ಇದು, ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೊನೆಗೆ ಅಕ್ಕಪಕ್ಕದ ಯಾವುದಾದರೂ ಗೊತ್ತಿರುವ ಗುರುತು, ಸೇತುವೆಯೋ ರಸ್ತೆ ತಿರುವೋ, ನಕ್ಷೆಯಲ್ಲೂ ಅದೇ ಜಾಗದಲ್ಲಿದೆಯೇ ನೋಡಿಕೊಳ್ಳಿ. ನಕ್ಷೆಯೂ ಸಾಧನವೂ ಒಂದೇ ಮಾತು ಹೇಳುತ್ತಿವೆ ಎಂಬ ಭರವಸೆಗೆ ಅದಷ್ಟು ಸಾಕು.

ಟ್ರ್ಯಾಕ್ ಬರೆಯುವ ದಟ್ಟಣೆಯನ್ನೂ ಒಮ್ಮೆ ನೋಡಿ. ಹಳೆಯ ಇಟ್ರೆಕ್ಸ್‌ಗಳಲ್ಲಿ ಒಂದು ಟ್ರ್ಯಾಕಿಗೆ 10,000 ಬಿಂದುಗಳ ಮಿತಿ. ಸೆಕೆಂಡಿಗೊಂದರಂತೆ ಬರೆದರೆ ಮೂರು ಗಂಟೆಯೊಳಗೆ ತುಂಬಿಹೋಗುತ್ತದೆ. ಹತ್ತು ಮೀಟರಿಗೊಂದರಂತೆ ಬರೆದರೆ ನೂರು ಕಿ.ಮೀ. ಆಗುತ್ತದೆ. 'ಆಟೊ' ಇಟ್ಟರೆ ತಿರುವಿನಲ್ಲಿ ಹೆಚ್ಚು, ನೇರದಲ್ಲಿ ಕಡಿಮೆ ಬಿಂದು ಹಾಕುತ್ತದೆ. ಬಹುಪಾಲು ಜನರಿಗೆ ಅದೇ ಸರಿ.

ನಡೆಯುವಾಗ

ಸಾಧನವನ್ನು ಪ್ಯಾಂಟಿನ ಜೇಬಿಗೆ ಹಾಕಬೇಡಿ. ನಮ್ಮ ಮೈಯಲ್ಲಿರುವುದು ಹೆಚ್ಚಾಗಿ ನೀರು, ನೀರು ಸಂಕೇತವನ್ನು ಹೀರಿಕೊಳ್ಳುತ್ತದೆ. ಚೀಲದ ಹೆಗಲಪಟ್ಟಿಯ ಮೇಲ್ಭಾಗ ಒಳ್ಳೆಯ ಜಾಗ. ಮೇಲೆ ಮೋಟು ಆಂಟೆನಾ ಎದ್ದಿರುವ ಮಾದರಿಯನ್ನು ನೆಟ್ಟಗೆ, ಆಂಟೆನಾ ಒಳಗಿರುವ ಚಪ್ಪಟೆ ಮಾದರಿಯನ್ನು ಮುಖ ಆಕಾಶಕ್ಕಿರುವಂತೆ ಹಿಡಿದರೆ ಸಂಕೇತ ಚೆನ್ನಾಗಿ ಸಿಗುತ್ತದೆ.

ಪರದೆಯಲ್ಲಿ ಎರಡು ದಿಕ್ಕು ಕಾಣುತ್ತವೆ: ಹೆಡಿಂಗ್ ಮತ್ತು ಬೇರಿಂಗ್. ಹೆಡಿಂಗ್ ಅಂದರೆ ನೀವು ಹೋಗುತ್ತಿರುವ ದಿಕ್ಕು, ಬೇರಿಂಗ್ ಅಂದರೆ ಗುರಿ ಇರುವ ದಿಕ್ಕು. ಎರಡೂ ಅಂಕಿ ಒಂದೇ ಆದರೆ ನೇರ ಗುರಿಯತ್ತ ಹೋಗುತ್ತಿದ್ದೀರಿ. ಆದರೆ ಕಾಲುದಾರಿ ಸುತ್ತಿ ಬಳಸಿ ಹತ್ತುವಾಗ ಅವು ಒಂದಾಗುವುದೇ ಇಲ್ಲ, ಅದಕ್ಕೆ ಗಾಬರಿ ಬೇಡ. ಎಲೆಕ್ಟ್ರಾನಿಕ್ ಕಂಪಾಸ್ ಇಲ್ಲದ ಅಗ್ಗದ ಮಾದರಿಗಳಲ್ಲಿ ದಿಕ್ಕು ಗೊತ್ತಾಗುವುದು ಚಲನೆಯಿಂದ ಮಾತ್ರ. ನಿಂತಲ್ಲಿ ಬಾಣ ಗಿರಗಿರ ತಿರುಗುತ್ತದೆ. ಹತ್ತಿಪ್ಪತ್ತು ಹೆಜ್ಜೆ ನೇರ ನಡೆದರೆ ಸರಿಯಾಗುತ್ತದೆ. ಪಕ್ಕದಲ್ಲಿ ಸೂಜಿಯ ಕಂಪಾಸನ್ನೂ ಬಳಸುವವರು ಸಾಧನದ ಉತ್ತರ ದಿಕ್ಕನ್ನು 'ಮ್ಯಾಗ್ನೆಟಿಕ್'ಗೆ ಇಟ್ಟುಕೊಳ್ಳಲಿ. ಸೂಜಿ ತೋರಿಸುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ಅಂತರ ಕೆಲವು ಪ್ರದೇಶಗಳಲ್ಲಿ ನಗಣ್ಯ, ಕೆಲವೆಡೆ ಹತ್ತಾರು ಡಿಗ್ರಿ.

ಕವಲಿನಲ್ಲಿ ಏನು ಮಾಡಬೇಕೆಂದು ಹತ್ತಿರದಿಂದ ನೋಡೋಣ. ಎದುರಿಗೆ ಎರಡು ದಾರಿ, ನಡುವೆ ಕೋನ ತೀರಾ ಕಿರಿದು. ಪರದೆಯಲ್ಲಿ ಟ್ರ್ಯಾಕಿನ ಗೆರೆ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳಲಾಗದು, ಏಕೆಂದರೆ ನಿಮ್ಮ ಸ್ಥಾನದಲ್ಲೇ ಐದು ಮೀಟರ್ ಸಂಶಯ, ಹಳೆಯ ಟ್ರ್ಯಾಕ್ ಬರೆದವರ ಸ್ಥಾನದಲ್ಲಿ ಇನ್ನೈದು. ಈಗ ಪರದೆ ದಿಟ್ಟಿಸಿ ಉಪಯೋಗವಿಲ್ಲ. ನಕ್ಷೆಯನ್ನು 50 ಮೀಟರ್ ಅಳತೆಗೆ ಹಿಗ್ಗಿಸಿ, ಅಗಲವಾಗಿ ಕಾಣುವ ದಾರಿಯನ್ನೇ ಹಿಡಿದು ನೂರು ಹೆಜ್ಜೆ ನಡೆಯಿರಿ. ಅಷ್ಟರಲ್ಲಿ ದಾರಿಗಳು ಬೇರೆಯಾಗಿರುತ್ತವೆ, ನೀವು ಈಗ ನಡೆದ ಹಾದಿಯ ಗೆರೆ ಹಳೆಯ ಟ್ರ್ಯಾಕಿನ ಗೆರೆಯಿಂದ ಕವಲೊಡೆಯುತ್ತಿದೆಯೋ ಅದರ ಮೇಲೆಯೇ ಇದೆಯೋ ಸ್ಪಷ್ಟವಾಗುತ್ತದೆ. ತಪ್ಪಾದರೆ ನೂರು ಹೆಜ್ಜೆ ಹಿಂದಕ್ಕೆ. ಸರಿಯಾದ ಕವಲನ್ನು ಮಾರ್ಕ್ ಮಾಡಿ ಮುಂದೆ ಹೋಗಿ, ಇಳಿಯುವಾಗ ಕತ್ತಲಾದರೆ ಅದರ ಬೆಲೆ ಗೊತ್ತಾಗುತ್ತದೆ.

ಪರದೆಯ ಮೂಲೆಯಲ್ಲಿ '± 4 ಮೀ.' ಎಂದು ಕಾಣುವುದು ಸಾಧನದ ಅಂದಾಜು ಮಾತ್ರ. ಕಡಿದಾದ ಬಂಡೆಯ ಬುಡದಲ್ಲಿ ಸಂಕೇತ ಬಂಡೆಗೆ ಬಡಿದು ಸುತ್ತಿಕೊಂಡು ಬರುತ್ತದೆ; ಅಂಥಲ್ಲಿ ಅಂದಾಜು ನಾಲ್ಕೇ ಮೀಟರ್ ಎಂದರೂ ಬಾಣ ಮೂವತ್ತು ನಲವತ್ತು ಮೀಟರ್ ಆಚೆ ಇರುವುದುಂಟು. ಕಮರಿಯ ಅಂಚಿನಲ್ಲಿ ಕಣ್ಣೇ ಪ್ರಮಾಣ, ಪರದೆಯಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವ ಅಂಕಿ, ತಲುಪುವ ಸಮಯ. ನಡಿಗೆಯ ಪ್ರೊಫೈಲಿನಲ್ಲಿ 'ಗೋ' ಒತ್ತಿ ಒಂದು ವೇಪಾಯಿಂಟಿಗೆ ಹೊರಟರೆ ಸಾಧನ ನೇರ ದೂರವನ್ನು ಈಗಿನ ವೇಗದಿಂದ ಭಾಗಿಸುತ್ತದೆ, ಅಷ್ಟೇ. ತುದಿ ನೇರವಾಗಿ 5 ಕಿ.ಮೀ., ನಿಮ್ಮ ವೇಗ ಗಂಟೆಗೆ 4 ಎಂದಾದರೆ ಒಂದೂಕಾಲು ಗಂಟೆ ಅನ್ನುತ್ತದೆ. ನಿಜವಾದ ಕಾಲುದಾರಿ 8 ಕಿ.ಮೀ., ಏರು 900 ಮೀಟರ್ ಇರಬಹುದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಉಪಯುಕ್ತ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ಇಲ್ಲಿ ಮೂರು ಗಂಟೆಯ ಮೇಲಾಯಿತು, ಅದೂ ವಿಶ್ರಾಂತಿ ಇಲ್ಲದೆ. ಸಾಧನದಲ್ಲಿ ಸೂರ್ಯಾಸ್ತದ ಸಮಯ ತೋರಿಸುವ ಪುಟ ಇದೆ. ತಲುಪುವ ಸಮಯದ ಬದಲು ಅದನ್ನೇ ಮುಖಪುಟದಲ್ಲಿಟ್ಟುಕೊಂಡು ಹಿಂದಿರುಗುವ ಹೊತ್ತನ್ನು ಲೆಕ್ಕಹಾಕಿ.

ಮಂಜು ಕವಿದಾಗ, ಹಿಂದಿರುಗುವಾಗ

ದಾರಿ ಕಾಣದಾದಾಗ ಜನ ಮಾಡುವ ಮೊದಲ ಕೆಲಸ ಕಾರಿನ ವೇಪಾಯಿಂಟ್ ಆರಿಸಿ 'ಗೋ' ಒತ್ತುವುದು. ಬಾಣ ಕಾರಿನತ್ತ ನೇರ ತೋರಿಸುತ್ತದೆ, ನಡುವೆ ಕಣಿವೆ ಇದೆಯೋ ಜಲಪಾತ ಇದೆಯೋ ಅದಕ್ಕೆ ಗೊತ್ತಿಲ್ಲ. ಇಂಥ ಹೊತ್ತಿಗೆಂದೇ ಇರುವುದು ಟ್ರ್ಯಾಕ್‌ಬ್ಯಾಕ್. ಟ್ರ್ಯಾಕ್ ಮ್ಯಾನೇಜರಿನಲ್ಲಿ ಈಗ ಬರೆಯುತ್ತಿರುವ ಟ್ರ್ಯಾಕ್ ತೆರೆದು ಟ್ರ್ಯಾಕ್‌ಬ್ಯಾಕ್ ಒತ್ತಿದರೆ, ಹತ್ತಿದ ಹಾದಿಯನ್ನೇ ತಿರುವುಮುರುವಾಗಿ ಹಿಡಿಸುತ್ತದೆ. ನೀವು ಈಗಾಗಲೇ ಸುರಕ್ಷಿತವಾಗಿ ನಡೆದ ದಾರಿ ಅದೊಂದೇ.

ಮಂಜಿನಲ್ಲಿ ಪರದೆ ನೋಡುತ್ತಲೇ ನಡೆಯಬೇಡಿ. ಮೂವತ್ತು ನಲವತ್ತು ಹೆಜ್ಜೆ ನಡೆ, ನಿಲ್ಲು, ನೋಡು. ಬಾಣ ನಿಮಗಿಂತ ಒಂದೆರಡು ಸೆಕೆಂಡು ಹಿಂದಿರುತ್ತದೆ, ಕಡಿದಾದ ತಿರುವಿನಲ್ಲಿ ಅಷ್ಟೇ ಸಾಕು ಎಡವಲು. ಗುಂಪಿದ್ದರೆ ಒಬ್ಬರು ನೆಲ ನೋಡಿಕೊಂಡು ಮುಂದೆ, ಸಾಧನ ಹಿಡಿದವರು ಎರಡನೆಯವರಾಗಿ.

ಎತ್ತರದ ಲೆಕ್ಕ

ಉಪಗ್ರಹದಿಂದ ಸಿಗುವ ಎತ್ತರ ಸ್ಥಾನದಷ್ಟು ನಿಖರವಲ್ಲ, ಏಕೆಂದರೆ ಉಪಗ್ರಹಗಳೆಲ್ಲ ತಲೆಯ ಮೇಲಿರುತ್ತವೆ, ಕೆಳಗಿನಿಂದ ಸಂಕೇತ ಬರುವುದಿಲ್ಲ. ಬೆಲೆ ಹೆಚ್ಚಿನ ಮಾದರಿಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದ್ದು, ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಒತ್ತಡ ಹವೆಯ ಜೊತೆಗೂ ಬದಲಾಗುತ್ತದೆ. ಒಂದು ಹೆಕ್ಟೊಪಾಸ್ಕಲ್ ಬದಲಾದರೆ ಸುಮಾರು 8 ಮೀಟರ್ ವ್ಯತ್ಯಾಸ. ಹಾಗಾಗಿ ಎತ್ತರ ಗೊತ್ತಿರುವ ಜಾಗ ಸಿಕ್ಕಾಗಲೆಲ್ಲ ಸರಿಪಡಿಸಿಕೊಳ್ಳಿ. ಇದರಲ್ಲೊಂದು ಲಾಭವೂ ಇದೆ: ರಾತ್ರಿ ಡೇರೆಯಲ್ಲಿ ಮಲಗಿ ಬೆಳಗ್ಗೆ ಎದ್ದಾಗ ನೀವು ಅಲುಗದಿದ್ದರೂ ಎತ್ತರ 40 ಮೀಟರ್ ಹೆಚ್ಚಿದ್ದರೆ ಒತ್ತಡ ಕುಸಿದಿದೆ ಎಂದರ್ಥ. ಮಳೆಗೆ ಸಿದ್ಧರಾಗಿ.

ರಸ್ತೆಗಿಳಿದಾಗ

ಪ್ರೊಫೈಲ್ ಆಟೊಮೋಟಿವ್‌ಗೆ, ರೂಟಬಲ್ ನಕ್ಷೆ ಆನ್. 'ವೇರ್ ಟು' ಒತ್ತಿ ಗುರಿ ಆರಿಸಿದರೆ ರಸ್ತೆಯಲ್ಲೇ ಹೋಗುವ ಗೆರೆ ಬರಬೇಕು. ನೇರ ಗೆರೆ ಬಂದರೆ ರೂಟಿಂಗ್ ಆಕ್ಟಿವಿಟಿ ಇನ್ನೂ ಡೈರೆಕ್ಟ್‌ನಲ್ಲಿದೆ. ಲೆಕ್ಕ ಹಾಕಲಾಗುತ್ತಿಲ್ಲ ಎಂಬ ಸಂದೇಶ ಬಂದರೆ ಬೇರೆ ನಕ್ಷೆಯೊಂದು ಅಡ್ಡ ಬರುತ್ತಿದೆ, ಅಥವಾ ಗುರಿ ನಿಮ್ಮ ನಕ್ಷೆಯ ಗಡಿಯಾಚೆ ಇದೆ.

'ಕಡಿಮೆ ದೂರ' ಎಂಬ ಆಯ್ಕೆ ಕೇಳಲು ಚೆನ್ನ, ಆದರೆ ಎರಡು ಕಿ.ಮೀ. ಉಳಿಸಲು ಗಾಡಿದಾರಿಗೆ ನುಗ್ಗಿಸುತ್ತದೆ. 'ಕಡಿಮೆ ಸಮಯ' ಇಟ್ಟುಕೊಳ್ಳಿ, ಅವಾಯ್ಡೆನ್ಸ್ (ಬಿಟ್ಟು ಹೋಗಬೇಕಾದ ರಸ್ತೆಗಳ) ಪಟ್ಟಿಯಲ್ಲಿ ಡಾಂಬರಿಲ್ಲದ ರಸ್ತೆಗೆ ಗುರುತು ಹಾಕಿ. ಮಣ್ಣುರಸ್ತೆಯೇ ಬೇಕೆಂದು ಹೊರಟ ಬೈಕಿನವರು ಮಾತ್ರ ಅದನ್ನು ತೆಗೆದರೆ ಸಾಕು.

ಇಷ್ಟಪಟ್ಟು ಯೋಜಿಸಿದ ರಸ್ತೆಯಲ್ಲೇ ಹೋಗಬೇಕೆನ್ನುವವರಿಗೆ ಒಂದು ಮಾತು. ಕಂಪ್ಯೂಟರಿನಲ್ಲಿ ರೂಟ್ ಮಾಡಿ ಸಾಧನಕ್ಕೆ ಹಾಕಿದರೆ, ಸಾಧನ ಬಿಂದುಗಳನ್ನಷ್ಟೇ ಉಳಿಸಿಕೊಂಡು ನಡುವಿನದನ್ನು ತನ್ನ ನಕ್ಷೆ, ತನ್ನ ಸೆಟ್ಟಿಂಗ್ ಪ್ರಕಾರ ಮತ್ತೆ ಲೆಕ್ಕ ಹಾಕಬಹುದು. ನೀವು ಘಟ್ಟದ ರಸ್ತೆ ಹಾಕಿದ್ದರೆ ಅದು ಹೆದ್ದಾರಿ ತೋರಿಸುತ್ತದೆ. ಇದಕ್ಕೆ ಎರಡು ಉಪಾಯ. ಒಂದು, ಬೇಕಾದ ರಸ್ತೆಯ ನಟ್ಟನಡುವೆ, ಕವಲುಗಳಿಂದ ದೂರದಲ್ಲಿ, ಒಂದೊಂದು ಬಿಂದು ಇಟ್ಟು ಕಟ್ಟಿಹಾಕುವುದು. ಇನ್ನೊಂದು, ಅದೇ ರೂಟನ್ನು ಟ್ರ್ಯಾಕ್ ಆಗಿ ಪರಿವರ್ತಿಸಿ, ನಕ್ಷೆಯ ಮೇಲೆ ದಪ್ಪ ಗೆರೆಯಾಗಿ ತೋರಿಸಿಕೊಂಡು ಹೋಗುವುದು. ತಿರುವಿನ ಎಚ್ಚರಿಕೆ ಬರುವುದಿಲ್ಲ, ಆದರೆ ಗೆರೆ ಅಲುಗುವುದೂ ಇಲ್ಲ. ಉದ್ದ ಪ್ರಯಾಣಕ್ಕೆ ಎರಡನ್ನೂ ಇಟ್ಟುಕೊಂಡರೆ ಗೆರೆಗಳು ಬೇರೆಯಾದ ಕ್ಷಣವೇ ಏನೋ ಬದಲಾಗಿದೆ ಎಂದು ತಿಳಿಯುತ್ತದೆ.

ಕೈ ಜಿಪಿಎಸ್‌ಗಳಲ್ಲಿ ಹೆಚ್ಚಿನವು ಮಾತಾಡುವುದಿಲ್ಲ, 'ಬೀಪ್' ಅನ್ನುತ್ತವೆ ಅಷ್ಟೇ. ಹಾಗಾಗಿ ಪರದೆ ಕಣ್ಣಿನ ಅಳತೆಯಲ್ಲಿರಬೇಕು, ಆದರೆ ರಸ್ತೆಯ ನೋಟಕ್ಕೆ ಅಡ್ಡಬರಬಾರದು. ಲೋಹದ ಲೇಪನವಿರುವ ಮುಂಗಾಜು ಸಂಕೇತ ತಡೆಯುತ್ತದೆ. ಅಂಥ ಕಾರಿನಲ್ಲಿ ಲೇಪನವಿಲ್ಲದ ಭಾಗ ಹುಡುಕಿ ಕೂರಿಸಿ. ಕಾರಿನ ಚಾರ್ಜರಿಗೆ ಸಿಕ್ಕಿಸಿದಾಗ ಕೆಲವು ಸಾಧನ ತಾನು ಕಂಪ್ಯೂಟರಿಗೆ ಸೇರಿದ್ದೇನೆ ಎಂದುಕೊಂಡು ನಕ್ಷೆ ಮುಚ್ಚಿಬಿಡುತ್ತದೆ. ಬರೀ ವಿದ್ಯುತ್ ಕೊಡುವ ಕೇಬಲ್ ಬಳಸಿದರೆ ಆ ಕಾಟ ತಪ್ಪುತ್ತದೆ. ಬೈಕಿನ ಹ್ಯಾಂಡಲಿಗೆ ಹಾಕುವವರು ಹಿಡಿಕೆಯ ಜೊತೆಗೆ ಒಂದು ದಾರವನ್ನೂ ಕಟ್ಟಿ. ಕುಲುಕಾಟಕ್ಕೆ ಸೆಲ್ ಕ್ಷಣಕಾಲ ಸಂಪರ್ಕ ತಪ್ಪಿ ಸಾಧನ ಆಫ್ ಆಗುವುದೂ ಇದೆ, ಹೊರಗಿನ ವಿದ್ಯುತ್ ಕೊಟ್ಟರೆ ಆಗದು.

ಗುರಿ ತುಂಬುವುದು, ದಾರಿ ಬದಲಿಸುವುದು ಎಲ್ಲವನ್ನೂ ಗಾಡಿ ನಿಲ್ಲಿಸಿ ಮಾಡಿ, ಅಥವಾ ಪಕ್ಕದಲ್ಲಿ ಕೂತವರಿಗೆ ಒಪ್ಪಿಸಿ.

ಮೊಬೈಲ್ ಇರುವಾಗ ಇದೇಕೆ

ನಿಖರತೆಯಲ್ಲಿ ಇಂದಿನ ಒಳ್ಳೆಯ ಮೊಬೈಲು ಕೈ ಜಿಪಿಎಸ್‌ಗೆ ಹೆಚ್ಚೇನೂ ಹಿಂದಿಲ್ಲ. ನಗರದ ರಸ್ತೆಗೆ, ಟ್ರಾಫಿಕ್ ತಿಳಿಯಲು ಮೊಬೈಲೇ ಮೇಲು. ಕೈ ಜಿಪಿಎಸ್ ಗೆಲ್ಲುವುದು ಮಳೆಯಲ್ಲಿ, ಕೈಗವಸು ಹಾಕಿದಾಗ, ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಮತ್ತು ಮೂರನೆಯ ದಿನ ಚಾರ್ಜ್ ಮಾಡಲು ಎಲ್ಲೂ ಪ್ಲಗ್ ಇಲ್ಲದಾಗ. ಐಪಿಎಕ್ಸ್7 ಗುರುತಿರುವ ಸಾಧನ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ನನ್ನ ಸಲಹೆ: ಕೈಯಲ್ಲಿ ಜಿಪಿಎಸ್, ಚೀಲದಲ್ಲಿ ಅದೇ ಟ್ರ್ಯಾಕ್ ಹಾಕಿ ಆಫ್ ಮಾಡಿದ ಮೊಬೈಲ್, ಪ್ಲಾಸ್ಟಿಕ್ ಚೀಲದಲ್ಲಿ ಮುದ್ರಿತ ನಕ್ಷೆ.

ಮಾಮೂಲಿ ಜಿಪಿಎಸ್ ಸಂಕೇತ ಪಡೆಯುತ್ತದೆಯೇ ಹೊರತು ಕಳಿಸುವುದಿಲ್ಲ, ಹಾಗಾಗಿ ನೀವು ಎಲ್ಲಿದ್ದೀರಿ ಎಂದು ಬೇರೆಯವರಿಗೆ ತಿಳಿಯದು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಮಾದರಿಗಳೂ ಇವೆ, ಆದರೆ ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ವಿಮಾನ ಹತ್ತುವ ಮುನ್ನ ವಿಚಾರಿಸಿ.

ಹಳೆಯ ಸಾಧನ ಕೊಳ್ಳುವವರು ಮೊದಲು ದಿನಾಂಕ ನೋಡಿ. ಜಿಪಿಎಸ್ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ತಂತ್ರಾಂಶ ನವೀಕರಿಸದ ಸಾಧನ ಸುಮಾರು 20 ವರ್ಷ ಹಿಂದಿನ ತಾರೀಕು ತೋರಿಸುತ್ತದೆ. ಹೆಚ್ಚಿನವು ಸ್ಥಾನ ಸರಿಯಾಗೇ ಹೇಳುತ್ತವೆ, ಆದರೆ ಸೂರ್ಯೋದಯದ ಪುಟ, ಟ್ರ್ಯಾಕಿನ ತಾರೀಕು ನಂಬಲಾಗದು.

ಮನೆಗೆ ಬಂದ ಮೇಲೆ ಟ್ರ್ಯಾಕನ್ನು ಹೆಸರು, ತಾರೀಕು ಕೊಟ್ಟು ಕಂಪ್ಯೂಟರಿಗೆ ಇಳಿಸಿ, ಸಾಧನದಲ್ಲಿರುವುದನ್ನು ಅಳಿಸಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗಿಡಿ, ಸೋರಿದ ಆಲ್ಕಲೈನ್ ಸಂಪರ್ಕದ ತಗಡನ್ನು ತಿಂದುಹಾಕುತ್ತದೆ. ಟ್ರ್ಯಾಕನ್ನು ಬೇರೆಯವರಿಗೆ ಕೊಡುವುದಾದರೆ ದಾರಿ ತಪ್ಪಿದ ಬಾಲಗಳನ್ನು ಕತ್ತರಿಸಿ, ಆದರೆ ಅಲ್ಲೊಂದು ವೇಪಾಯಿಂಟ್ ಇಟ್ಟು 'ಇಲ್ಲಿ ದಾರಿ ಇಲ್ಲ' ಎಂದು ಬರೆಯಿರಿ. ಮನೆಯಿಂದಲೇ ರೆಕಾರ್ಡಿಂಗ್ ಶುರುವಾಗಿದ್ದರೆ ಮೊದಲ ಮತ್ತು ಕೊನೆಯ ಒಂದೆರಡು ಕಿ.ಮೀ.ಗಳನ್ನೂ ಕತ್ತರಿಸಿಯೇ ಕೊಡಿ.